ನಲವತ್ತೇಳನೇ ಡಬ್ಬಿಯ ಚೇಳು

ಬೆಳಗಿನ ಆರು ಗಂಟೆ. ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಡಬ್ಬಿಗಳನ್ನು ಎಣಿಸುತ್ತಿರುವ ಹೆಂಗಸು ನಲವತ್ತೇಳನೆಯದರ ಮುಂದೆ ಗಕ್ಕನೆ ನಿಲ್ಲುತ್ತಾರೆ. ಮುಚ್ಚಳ ಬೆರಳಷ್ಟು ಸರಿದಿದೆ. ಒಳಗೆ ಮರಳಿದೆ, ಒದ್ದೆ ಹತ್ತಿಯಿದೆ, ಚೇಳಿಲ್ಲ.

ಇನ್ನು ಸ್ವಲ್ಪ ಹೊತ್ತಿಗೆ ಕಸ ಗುಡಿಸುವಾಕೆ ಬರಿಗಾಲಲ್ಲಿ ಬರುತ್ತಾಳೆ. ಚಿಲಕ ಹಾಕಿ, ದೀಪ ಆರಿಸಿ, ನೇರಳೆ ಬೆಳಕಿನ ಟಾರ್ಚು ಹಿಡಿಯುತ್ತಾರೆ. ಆ ಬೆಳಕಿಗೆ ಚೇಳಿನ ಮೈ ಹಸಿರಾಗಿ ಹೊಳೆಯುತ್ತದೆ. ಮೇಜಿನಡಿ ಇಲ್ಲ. ಕಪಾಟಿನ ಸಂದಿಯಲ್ಲಿ ಇಲ್ಲ. ಕೊನೆಗೆ ಹಸಿರು ಕಾಣುವುದು ಗೂಟದಿಂದ ತೆಗೆದು ಈಗಷ್ಟೇ ತೊಟ್ಟ ಕೋಟಿನ ಎಡತೋಳಿನ ಮಡಿಕೆಯಲ್ಲಿ.

“ಉಸಿರಾಡಿದ್ರೂ ಕುಟುಕುತ್ತೆ ಅನ್ನಿಸ್ತು,” ಎನ್ನುತ್ತಾರೆ ಆಮೇಲೆ.

ಟಾರ್ಚನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಬಲಗೈಯಲ್ಲಿ ಚಿಮಟ ಹಿಡಿದು, ಕೊಂಡಿಯ ಕೆಳಗೇ ಬಾಲ ಹಿಡಿದೆತ್ತಿ ಡಬ್ಬಿಗೆ ಬಿಡುತ್ತಾರೆ. ಆಮೇಲೆ ನೆಲದ ಮೇಲೇ ಕುಕ್ಕರಿಸುತ್ತಾರೆ.

ಇಲ್ಲಿ ಇವರನ್ನು ಎಲ್ಲರೂ ಕರೆಯುವುದು ಚೇಳಕ್ಕ ಅಂತ. ಮೊದಲು ಹದಿನಾಲ್ಕು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಕಾಲರು ಹೊಲಿದವರು. ಆ ನುರಿತ ಕೈಗೇ ಈ ಕೆಲಸ ಸಿಕ್ಕಿದ್ದು. ಈಗ ಹನ್ನೊಂದು ವರ್ಷ. ಇನ್ನೂರ ಹನ್ನೆರಡು ಚೇಳುಗಳಿಗೆ ಹುಳ ಹಾಕಬೇಕು, ನೀರಿಡಬೇಕು, ವಿಷ ತೆಗೆಯಬೇಕು. ವಿಷ ಖಾಲಿಯಾದ ಗ್ರಂಥಿ ಮತ್ತೆ ತುಂಬಿಕೊಳ್ಳಲು ಹೆಣಗುತ್ತದೆ. ಎರಡನೇ ದಿನ, ಅದರ ಜೀನುಗಳು ಭರದಿಂದ ದುಡಿಯುತ್ತಿರುವಾಗ, ಚೇಳನ್ನು ತಣ್ಣಗೆ ಮರಗಟ್ಟಿಸಿ ಅಕ್ಕಿಕಾಳಿಗಿಂತ ಚಿಕ್ಕ ಎರಡು ಗ್ರಂಥಿಗಳನ್ನು ಬಿಡಿಸಿ ತೆಗೆಯುತ್ತಾರೆ. ತಡವಾದರೆ ಜೀನು ಬರೆದ ಸೂಚನೆಗಳೆಲ್ಲ ಹಾಳು. ಅವನ್ನೇ ಓದಿ, ರೋಗಾಣು ಕೊಲ್ಲುವ ಪ್ರೋಟೀನು ಯಾವುದೆಂದು ಮೇಲಿನ ಮಹಡಿಯ ಸಂಶೋಧಕಿ ಹುಡುಕುತ್ತಾರೆ.

ಮೂರು ವರ್ಷದ ಹಿಂದೆ ಒಂದು ಕುಟುಕಿತ್ತು. ಎರಡು ದಿನ ಆಸ್ಪತ್ರೆ. “ಬಿಟ್ಬಿಡು, ನಿನಗೆ ಕೈಮುಗೀತೀನಿ ಅಂದ್ರು ನಮ್ಮನೆಯವರು. ಜಿರಲೆ ಕಂಡ್ರೆ ಮಂಚ ಹತ್ತೋ ಮನುಷ್ಯ, ಪಾಪ.” ನಗು ಅಲ್ಲಿಗೇ ನಿಲ್ಲುತ್ತದೆ. ಬಿಡದಿರಲು ಕಾರಣ ಇವರ ಒಡಹುಟ್ಟಿದ ಅಕ್ಕ. ಆಕೆಯ ಕಾಲಿನ ಗಾಯಕ್ಕೆ ಹತ್ತಿದ ಸೋಂಕು ಯಾವ ಔಷಧಿಗೂ ಬಗ್ಗದೆ ಹತ್ತೊಂಬತ್ತು ದಿನದಲ್ಲಿ ಆಕೆಯನ್ನು ಕೊಂಡೊಯ್ದಿತ್ತು.

ಹೋದ ತಿಂಗಳು ಸಂಶೋಧಕಿ ಗಾಜಿನ ತಟ್ಟೆಯೊಂದನ್ನು ತೋರಿಸಿದರು. “ನೋಡಿ ಅಕ್ಕ, ನಿಮ್ಮಕ್ಕನಿಗೆ ತಗುಲಿದ್ದ ಅದೇ ಜಾತಿಯ ರೋಗಾಣು. ನೀವು ಕೊಟ್ಟ ಗ್ರಂಥಿಯಲ್ಲಿ ಸಿಕ್ಕ ಪ್ರೋಟೀನು ಬಿದ್ದ ಕಡೆ ಸತ್ತಿದೆ. ಔಷಧಿ ಆಗುತ್ತೋ ಇಲ್ವೋ, ಈಗಲೇ ಹೇಳೋಕಾಗಲ್ಲ.”

ಚೇಳಕ್ಕ ಎರಡು ಹೆಜ್ಜೆ ಹಿಂದೆ ಸರಿದಿದ್ದರು. “ಚೇಳಾದ್ರೆ ಕಣ್ಣಿಗೆ ಕಾಣುತ್ತೆ. ಅಕ್ಕನ್ನ ತಿಂದಿದ್ದು ಕಾಣಲೇ ಇಲ್ಲ. ಅವತ್ತು ಆ ತಟ್ಟೆ ಕಂಡು ಹೆದರಿದಷ್ಟು ನಾನು ಯಾವತ್ತೂ ಹೆದರಿಲ್ಲ.”

ಒಂಬತ್ತಕ್ಕೆ ನಲವತ್ತೇಳನೇ ಚೇಳಿನ ಸರದಿ. ಅದರ ವಿಷ ತೆಗೆದು ಇದು ಎರಡನೇ ದಿನ. ಎರಡು ನಿಮಿಷದೊಳಗೆ ಗ್ರಂಥಿಗಳು ಮಂಜುಗಡ್ಡೆ ಸೇರುತ್ತವೆ. ಆಮೇಲೆ ದಿನಚರಿ ಪುಸ್ತಕದಲ್ಲಿ ತಮ್ಮ ಕೈಯಾರೆ ಬರೆಯುತ್ತಾರೆ: ಮುಚ್ಚಳ ಸರಿಯಾಗಿ ಹಾಕದಿದ್ದದ್ದು ನನ್ನ ತಪ್ಪು.

ಏನಾದರೂ ಬೇಕೇ ಎಂದು ಕೇಳಿದರೆ ನೆಲಮಾಳಿಗೆಯ ಬಾಗಿಲ ಕೆಳಗಿನ ಸಂದಿ ತೋರಿಸುತ್ತಾರೆ.

“ಆ ಬಾಗಿಲ ಕೆಳಗೊಂದು ರಬ್ಬರ್ ಪಟ್ಟಿ ಹೊಡೆಸಿಕೊಟ್ರೆ ಸಾಕು. ಒಳಗಿನ ಹೆದರಿಕೆ ಒಳಗೇ ಇರಲಿ. ಅದನ್ನ ನಾನು ನೋಡ್ಕೋತೀನಿ.”