ಲೆನ್ಸಕ್ಕ ಕಾಯ್ದ ಕ್ಯಾಮೆರಾ

ಲೆನ್ಸಕ್ಕನಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ, ಗಿರಾಕಿ ಬಂದರೆ ಸಾಕಿತ್ತು. ಕ್ಯಾಮೆರಾ ಮುಂದಿಟ್ಟು "ಸ್ವಲ್ಪ ನೋಡಿ ಅಕ್ಕಾ" ಅಂದವನಿಗೆ, "ಸ್ವಲ್ಪ ಯಾಕೆ ನೋಡ್ಲಿ? ಪೂರ್ತಿ ನೋಡ್ತೀನಿ. ಅಲ್ಲೀವರೆಗೆ ಬಾಯ್ಮುಚ್ಕೊಂಡು ಕೂತಿರು" ಎನ್ನುವ ಪೈಕಿ. ಆದರೂ ಜನ ಬರುತ್ತಿದ್ದರು, ಬೈಸಿಕೊಂಡೇ ಬರುತ್ತಿದ್ದರು. ಹಳೆಯ ಕ್ಯಾಮೆರಾ ಬಿಚ್ಚಿ ಮತ್ತೆ ಸರಿಯಾಗಿ ಮುಚ್ಚಬಲ್ಲವರು ಆ ಊರಿನಲ್ಲಿ ಅವಳನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ.

ಅಂಗಡಿ ತಮ್ಮನದು. ಮುಂದಿನ ಕೌಂಟರಿನಲ್ಲಿ ತಮ್ಮನ ಹೆಂಡತಿ, ಹಿಂದಿನ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಲೆನ್ಸಕ್ಕ. ಇಬ್ಬರದೂ ಎಣ್ಣೆ ಸೀಗೆಕಾಯಿ. ಮದುವೆಯಾಗಿ ಬಂದ ಮೊದಲ ವಾರವೇ ಆ ಹುಡುಗಿ, ಪಾಪ, ಉಪಕಾರ ಮಾಡುವೆನೆಂದು ಬಿಚ್ಚಿಟ್ಟ ಲೆನ್ಸನ್ನು ಕರವಸ್ತ್ರದಿಂದ ತಿಕ್ಕಿ, ಸಾಸಿವೆಗಿಂತ ಸಣ್ಣ ಹದಿನಾಲ್ಕು ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಸುರಿದಿದ್ದಳು. ಅವು ಎಲ್ಲೆಲ್ಲಿಯವೆಂದು ಹುಡುಕಲು ಲೆನ್ಸಕ್ಕನಿಗೆ ಎರಡು ದಿನ ಹಿಡಿಯಿತು. ಆ ಎರಡು ದಿನದ ಸಿಟ್ಟು ಇಪ್ಪತ್ತೆರಡು ವರ್ಷ ಆರಲಿಲ್ಲ.

ಲೆನ್ಸಕ್ಕನ ಪ್ರಾಣವೆಲ್ಲ ಇದ್ದದ್ದು ರೇಂಜ್‌ಫೈಂಡರ್ ಕ್ಯಾಮೆರಾಗಳಲ್ಲಿ. ಅದರ ಕಿಂಡಿಯಲ್ಲಿ ಕಣ್ಣಿಟ್ಟರೆ ನಡುವೆ ಒಂದು ಸಣ್ಣ ಚೌಕ. ಆ ಚೌಕದೊಳಗೆ ಎದುರಿನ ಮನುಷ್ಯ ಎರಡಾಗಿ ಕಾಣುತ್ತಾನೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದರೆ ಎರಡೂ ಹತ್ತಿರ ಹತ್ತಿರ ಬಂದು ಒಂದಾಗುತ್ತವೆ. ಒಂದಾದರೆ ಫೋಕಸ್ ಆಯಿತೆಂದು ಅರ್ಥ. ಕ್ಯಾಮೆರಾ ಬಿದ್ದು ಪೆಟ್ಟಾದರೆ ಈ ಲೆಕ್ಕ ತಪ್ಪುತ್ತದೆ. ಆಗ ಒಳಗಿನ ಒಂದು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಸರಿಮಾಡಬೇಕು. ಲೆನ್ಸಕ್ಕ ಕಿಟಕಿಯಾಚೆ ದೂರದ ನೀರಿನ ಟ್ಯಾಂಕಿನ ಏಣಿಯನ್ನು ನೋಡಿಕೊಂಡು ಆ ಕೆಲಸ ಮಾಡುತ್ತಿದ್ದಳು. ಮುಗಿದ ಮೇಲೆ ಚೀಟಿಯಲ್ಲಿ ಒಂದೇ ಮಾತು ಬರೆಯುತ್ತಿದ್ದಳು: "ಕೂಡಿದೆ." ಅಪ್ಪ ಕಲಿಸಿದ ಮಾತು ಅದು. ಆ ಚೀಟಿ ಇದ್ದರೆ ಗಿರಾಕಿಗಳು ಮರುಮಾತಾಡದೆ ಕ್ಯಾಮೆರಾ ಒಯ್ಯುತ್ತಿದ್ದರು.

ಇಂಥವಳು ಎಂಟು ವರ್ಷದಿಂದ ಒಂದು ಕ್ಯಾಮೆರಾಕ್ಕಾಗಿ ಕಾಯುತ್ತಿದ್ದಳು. ಅವಳು ಲೋಕದಲ್ಲಿ ಬೈಯದೆ ಬಿಟ್ಟಿದ್ದು ಒಂದೇ ಕಂಪನಿಯನ್ನು. ಬರೀ ಲೆನ್ಸ್ ಮಾಡುವ ಕಂಪನಿ. ಅದರ ಲೆನ್ಸನ್ನು ಬೇರೆಯವರ ಕ್ಯಾಮೆರಾಕ್ಕೆ ಹಾಕಿಕೊಳ್ಳಬೇಕು. ಆ ಕಂಪನಿ ತನ್ನದೇ ಡಿಜಿಟಲ್ ರೇಂಜ್‌ಫೈಂಡರ್ ಮಾಡುತ್ತಿದೆಯೆಂಬ ಸುದ್ದಿ ಎಂಟು ವರ್ಷದಿಂದ ಹಬ್ಬುತ್ತಲೇ ಇತ್ತು. ಸುದ್ದಿ ತರುವವರು ಹಳೆಯ ಗಿರಾಕಿಯಾದ ಹಲ್ಲಿನ ಡಾಕ್ಟರು. ಪ್ರತಿ ಶನಿವಾರ ಬಂದು, "ಈ ವರ್ಷ ಗ್ಯಾರಂಟಿಯಂತೆ" ಅನ್ನುತ್ತಿದ್ದರು.

"ಹೋದ ವರ್ಷಾನೂ ಇದೇ ರಾಗ ಹಾಡಿದ್ರಿ."

"ಈ ಸಲ ಫೋಟೋನೇ ಹೊರಗೆ ಬಂದಿದೆ ಕಣಮ್ಮ. ನೋಡು."

ಲೆನ್ಸಕ್ಕ ಆ ಮಸುಕು ಫೋಟೋವನ್ನು ಭೂತಗನ್ನಡಿ ಹಿಡಿದು ನೋಡಿ, "ಸೋಪಿನ ಡಬ್ಬಿ ಥರ ಇದೆ" ಎಂದು ಮೂಗು ಮುರಿಯುತ್ತಿದ್ದಳು. ಡಾಕ್ಟರು ಹೋದಮೇಲೆ ಅದನ್ನೇ ಮತ್ತೆ ನೋಡುತ್ತಿದ್ದಳು. ತಾವೇ ಫೋಕಸ್ ಮಾಡಿಕೊಳ್ಳುವ ಈ ಕಾಲದ ಕ್ಯಾಮೆರಾಗಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಹೊಸ ಕಾಲಕ್ಕೂ ಮನುಷ್ಯರ ಕಣ್ಣು ಬೇಕೆಂದು ಯಾರಾದರೂ ತೋರಿಸಿಕೊಡಲಿ ಎಂಬುದೊಂದೇ ಅವಳ ಆಸೆ.

ಆ ಡಾಕ್ಟರ ಜೊತೆಯೂ ಜಗಳವಾಯಿತು. ತಮ್ಮನ ಹೆಂಡತಿ ತವರಿಗೆ ಹೋಗಿದ್ದ ವಾರ ಅವರು ರಿಪೇರಿಯಾದ ಕ್ಯಾಮೆರಾವನ್ನು ಲೆನ್ಸಕ್ಕನ ಕೈಯಿಂದಲೇ ಒಯ್ದಿದ್ದರು. ಒಂದು ರೋಲಿನ ಫೋಟೋಗಳೆಲ್ಲ ಮಸುಕು.

"ನಿಮ್ಮ ಕೈ ನಡುಗುತ್ತೆ ಬಿಡಿ" ಅಂದಳು ಲೆನ್ಸಕ್ಕ.

"ಮೂವತ್ತು ವರ್ಷದಿಂದ ಜನರ ಬಾಯೊಳಗೆ ಡ್ರಿಲ್ ಹಿಡೀತಿದ್ದೀನಿ! ಕೈ ನಡುಗಿದ್ರೆ ಊರಲ್ಲಿ ಒಬ್ಬರಿಗೂ ನಾಲಿಗೆ ಇರ್ತಿರಲಿಲ್ಲ!"

ಡಾಕ್ಟರು ಎರಡು ತಿಂಗಳು ಅಂಗಡಿಯ ಕಡೆ ತಲೆ ಹಾಕಲಿಲ್ಲ. ಲೆನ್ಸಕ್ಕನಿಗೆ ಅದರ ಚಿಂತೆಯೇನೂ ಇರಲಿಲ್ಲ. ಅವಳಿಗೆ ಬೇರೆ ತಲೆನೋವುಗಳಿದ್ದವು. ಮೇಜಿನ ದೀಪಕ್ಕೆ ಯಾಕೋ ಬಾಲ ಬಂದಂತೆ ಕಾಣುತ್ತಿತ್ತು. ತಮ್ಮ ಅಗ್ಗದ ಬಲ್ಬು ತಂದಿದ್ದಾನೆಂದು ಅವನಿಗೆ ಬೈದಳು. ಬಲ್ಬು ಬದಲಾಯಿಸಿದರೂ ಬಾಲ ಹೋಗದಿದ್ದಾಗ ಕನ್ನಡಕದವನಿಗೆ ಬೈದಳು. ಇದರ ಮೇಲೆ ಇನ್ನೊಂದು: ತಾನು ಮುಗಿಸಿಕೊಟ್ಟ ಕ್ಯಾಮೆರಾವನ್ನು ತಮ್ಮನ ಹೆಂಡತಿ ಕಣ್ಣಿಗಿಟ್ಟುಕೊಂಡು ನಿಂತಿದ್ದನ್ನು ಎರಡು ಸಲ ಹಿಡಿದಿದ್ದಳು.

"ನಾನು ಕೂಡಿಸಿದ್ದನ್ನ ನೀನು ಕೆಡಿಸ್ತಿದ್ದೀಯೇನೇ?"

"ಧೂಳು ಒರೆಸ್ತಿದ್ದೆ ಅಕ್ಕಾ."

"ಧೂಳು ನಿನ್ನ ತಲೇಲಿದೆ. ಮುಟ್ಟಿದ್ರೆ ನೋಡು!"

ಕೊನೆಗೂ ಸುದ್ದಿ ನಿಜವಾಯಿತು. ಕ್ಯಾಮೆರಾ ಬರುವ ತಿಂಗಳು ಗೊತ್ತಾಯಿತು. ಜೊತೆಗೆ, ಅದರ ರಿಪೇರಿಗೆಂದು ಕೆಲವೇ ಊರುಗಳಲ್ಲಿ ಒಬ್ಬೊಬ್ಬರನ್ನು ಕಂಪನಿ ನೇಮಿಸುತ್ತದೆಂದು ಪತ್ರ ಬಂತು. ಎಂಜಿನಿಯರು ಮಾದರಿ ಕ್ಯಾಮೆರಾ ಹಿಡಿದು ಬಂದು, ಕೆಲಸ ನೋಡಿ, ಒಪ್ಪಿಗೆಯಾದರೆ ಅಲ್ಲೇ ಫಾರಂ ತುಂಬಿಸಿಕೊಂಡು ಹೋಗುತ್ತಾರೆ. ಇಲ್ಲದಿದ್ದರೆ ಆ ಜಾಗ ಬೇರೆ ಊರಿಗೆ. ಪತ್ರವನ್ನು ಲೆನ್ಸಕ್ಕ ಮೂರು ಸಲ ಓದಿಸಿಕೊಂಡಳು. ಆ ವಾರ ಯಾರಿಗೂ ಹೆಚ್ಚು ಬೈಯಲಿಲ್ಲ. ತಮ್ಮನಿಗೆ ಗಾಬರಿಯಾಗಿ, ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ನೋಡಿ ಬೈಸಿಕೊಂಡ.

ಎಂಜಿನಿಯರು ಬೆಳಿಗ್ಗೆ ಹತ್ತಕ್ಕೆ ಬಂದರು. ಬೋಳುತಲೆಯ, ಮಿತ ಮಾತಿನ ಮನುಷ್ಯ. ಪೆಟ್ಟಿಗೆ ತೆರೆದು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟರು. ಲೆನ್ಸಕ್ಕ ಅದನ್ನು ಎತ್ತಿಕೊಂಡಳು. ತೂಕ ಸರಿಯಾಗಿತ್ತು. ಬಳೆ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಎಂಟು ವರ್ಷ ಕಾದದ್ದು ಸಾರ್ಥಕ ಅನ್ನಿಸಿತು, ಅದಕ್ಕೂ ಅವಳಿಗೆ ಸಿಟ್ಟು ಬಂತು.

"ಬೇಕಂತಲೇ ಲೆಕ್ಕ ತಪ್ಪಿಸಿದ್ದೀನಿ. ನೀವು ಸರಿಮಾಡಿ ಕೊಡಿ" ಅಂದರು ಎಂಜಿನಿಯರು.

ಲೆನ್ಸಕ್ಕ ಬಲಗಣ್ಣು ಕಿಂಡಿಗಿಟ್ಟು, ಏಣಿಯನ್ನು ಹಿಡಿದು, ಸ್ಕ್ರೂ ತಿರುಗಿಸಿದಳು. ಇಪ್ಪತ್ತು ನಿಮಿಷ. ಅಭ್ಯಾಸಬಲದಿಂದ ಚೀಟಿಯಲ್ಲಿ "ಕೂಡಿದೆ" ಎಂದು ಬರೆದೂ ಕೊಟ್ಟಳು.

ಎಂಜಿನಿಯರು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಗೋಡೆಯ ಮೇಲೆ ದಿನಪತ್ರಿಕೆಯ ಒಂದು ಹಾಳೆ ಅಂಟಿಸಿ, ಕಿಂಡಿಯಲ್ಲಿ ನೋಡಿ ಅದನ್ನು ಒಂದು ಮಾಡಿದರು. ಆಮೇಲೆ ಹಿಂಬದಿಯ ಪರದೆ ಹೊತ್ತಿಸಿ, ಚಿತ್ರವನ್ನು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸಿದರು. ಹಳೆಯ ಕ್ಯಾಮೆರಾಗಳಲ್ಲಿ ಈ ಸೌಕರ್ಯ ಇರಲಿಲ್ಲ. ತಪ್ಪು ಗೊತ್ತಾಗಲು ಫಿಲ್ಮ್ ತೊಳೆದು ಬರಬೇಕಿತ್ತು, ಅಷ್ಟರಲ್ಲಿ ದೂರಲು ಬೇಕಾದಷ್ಟು ಜನ ಸಿಗುತ್ತಿದ್ದರು. ಪರದೆಯ ಮೇಲೆ ಅಕ್ಷರಗಳು ನೆಂದ ಕಾಗದದ ಮೇಲಿನ ಶಾಯಿಯ ಹಾಗೆ ಹರಡಿದ್ದವು.

"ನಿಮ್ಮ ಪರದೆ ಸರಿಯಿಲ್ಲ" ಅಂದಳು ಲೆನ್ಸಕ್ಕ.

"ಇನ್ನೊಂದ್ಸಲ ಮಾಡಿ."

ಮಾಡಿದಳು. ಕಿಂಡಿಯಲ್ಲಿ ಏಣಿ ಒಂದಾಗಿತ್ತು, ಅವಳ ಅಪ್ಪನಾಣೆಗೂ ಒಂದಾಗಿತ್ತು. ಪಕ್ಕದಲ್ಲಿ ನೆರಳಿನಂಥದ್ದೊಂದು ಇತ್ತು, ಅದು ಈಚೆಗೆ ಎಲ್ಲದರ ಪಕ್ಕದಲ್ಲೂ ಇರುತ್ತಿತ್ತು. ಪರದೆಯ ಮೇಲೆ ಅಕ್ಷರಗಳು ಮೊದಲಿಗಿಂತ ಕೆಟ್ಟಿದ್ದವು.

ಎಂಜಿನಿಯರು ಪೆಟ್ಟಿಗೆಯ ಕಡೆ ಕೈ ಚಾಚಿದರು. ಆಗ ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಒಳಗೆ ಬಂದಳು. ಕೇಳದೆ ಕ್ಯಾಮೆರಾ ತೆಗೆದುಕೊಂಡಳು. ಕಿಟಕಿಗೆ ತಿರುಗಿ, ಕಣ್ಣಿಟ್ಟು, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಬಳೆ ತಿರುಗಿಸಿ ಮತ್ತೆ ನೋಡಿದಳು. ಎಲ್ಲಿ ಕೈ ಹಾಕಬೇಕೆಂದು ಒಂದು ಸಲವೂ ತಡಕಾಡಲಿಲ್ಲ. ಪರದೆಯ ಮೇಲೆ ಅಕ್ಷರಗಳು ಅಲುಗಿನ ಹಾಗೆ ಎದ್ದು ನಿಂತವು. ಪೂರ್ಣವಿರಾಮದ ಚುಕ್ಕೆ ಕೂಡ ದುಂಡಗೆ ಕಂಡಿತು.

ಲೆನ್ಸಕ್ಕನಿಗೆ ಒಮ್ಮೆಲೇ ಎಲ್ಲವೂ ತಿಳಿಯಿತು.

"ಯಾವತ್ತಿಂದ?" ಎಂದು ಕೇಳಿದಳು.

"ಎರಡು ವರ್ಷ ಆಯ್ತು ಅಕ್ಕಾ. ನಿಮ್ಮ ಕೈ ನೋಡಿನೋಡೇ ಕಲಿತೆ."

"ಎಲ್ಲಾ ಕ್ಯಾಮೆರಾನೂ?"

"ನಾನು ಊರಲ್ಲಿದ್ದಾಗ ಎಲ್ಲಾನೂ."

"ನಿಂಗೂ ಗೊತ್ತಿತ್ತಾ?" ಎಂದು ತಮ್ಮನ ಕಡೆ ತಿರುಗಿದಳು. ಅವನು ನೆಲ ನೋಡಿದ. "ಇಬ್ಬರೂ ಸೇರ್ಕೊಂಡು ನನ್ನ ಮಂಗ ಮಾಡಿದ್ರಿ! ನಾನು ಚೀಟಿ ಬರೆಯೋದು, ಇವಳು ಹಿಂದಿನಿಂದ ತಿದ್ದೋದು! ನನಗೆ ಹೇಳೋಕೆ ಏನಾಗಿತ್ತು ನಿಂಗೆ, ಬಾಯಿ ಬಿದ್ದುಹೋಗಿತ್ತಾ?"

"ಹೇಳಿದ್ರೆ ಕೇಳ್ತಿದ್ರಾ ಅಕ್ಕಾ?"

ಲೆನ್ಸಕ್ಕ ತಾನು ಬರೆದುಕೊಟ್ಟಿದ್ದ ಚೀಟಿಯನ್ನು ಎತ್ತಿಕೊಂಡು ಮುದುರಿದಳು.

ತಮ್ಮ ಮೆಲ್ಲಗೆ, "ಕಣ್ಣಿಗೆ ಪೊರೆ ಬಂದಿರಬೇಕು ಅಕ್ಕಾ. ಆಪರೇಷನ್ ಮಾಡಿಸಿದ್ರೆ ಸರಿಹೋಗುತ್ತೆ. ಫಾರಂನಲ್ಲಿ ನಿನ್ನ ಹೆಸರೇ ಇರಲಿ. ಅಲ್ಲೀವರೆಗೆ ಇವಳು ಹೇಗೂ ಹಿಂದಿನಿಂದ..." ಅಂದ.

"ನಾನೂ ಅದನ್ನೇ ಹೇಳೋಳಿದ್ದೆ" ಅಂದಳು ಹೆಂಡತಿ.

ಎಂಜಿನಿಯರು ಕೇಳಿಸದವರ ಹಾಗೆ ಕಿಟಕಿಯ ಕಡೆ ನೋಡುತ್ತಿದ್ದರು.

ಬೈದಿದ್ದರೆ, ಅಣಕಿಸಿದ್ದರೆ ಲೆನ್ಸಕ್ಕ ತಡೆದುಕೊಳ್ಳುತ್ತಿದ್ದಳು. ಈ ಕರುಣೆಯನ್ನು ಅವಳಿಂದ ತಡೆಯಲಾಗಲಿಲ್ಲ. "ಮತ್ತೆ ಹಿಂದಿನಿಂದಾನಾ? ಇನ್ನೂ ಎಷ್ಟು ದಿನ ಭಿಕ್ಷೆ ಹಾಕ್ತೀರಿ ನಂಗೆ? ತನ್ನಿ ಇಲ್ಲಿ!" ಎಂದು ಫಾರಂ ಕಿತ್ತುಕೊಂಡು, ಪೆನ್ನಿನ ಕ್ಯಾಪು ಹಲ್ಲಿನಲ್ಲಿ ಕಚ್ಚಿ ತೆಗೆದಳು. ರಿಪೇರಿ ಮಾಡುವವರ ಹೆಸರು ಎಂದಿದ್ದ ಕಡೆ ಪೆನ್ನೂರಿದಳು. ಊರಿ ಹಾಗೆಯೇ ಕೂತುಬಿಟ್ಟಳು. ಇಪ್ಪತ್ತೆರಡು ವರ್ಷ ಒಂದೇ ಸೂರಿನ ಕೆಳಗೆ ಬಾಳಿ, ತಮ್ಮನ ಹೆಂಡತಿಯನ್ನು "ಏನೇ", "ಇವಳೇ" ಎಂದಲ್ಲದೆ ಕರೆದವಳೇ ಅಲ್ಲ.

"ನಿನ್ನ ಪೂರ್ತಿ ಹೆಸರೇನೇ?"

ತಮ್ಮನ ಹೆಂಡತಿ ಸಣ್ಣ ದನಿಯಲ್ಲಿ ಹೇಳಿದಳು.

"ಗಟ್ಟಿಯಾಗಿ ಬೊಗಳು, ಬಾಯಲ್ಲಿ ಏನಿಟ್ಕೊಂಡಿದ್ದೀಯ?"

ಅವಳು ಒಂದೊಂದೇ ಅಕ್ಷರ ಬಿಡಿಸಿ ಗಟ್ಟಿಯಾಗಿ ಹೇಳಿದಳು. ಲೆನ್ಸಕ್ಕ ಬಲಗಣ್ಣು ಮುಚ್ಚಿಕೊಂಡು, ಸಾಲು ತಪ್ಪದಂತೆ ಬರೆದಳು.