ಕೆಂಪು ದೀಪ ಹತ್ತಿದಾಗ

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ಪೆದ್ದ ನಾನೇ. ಮಿಮಿಕ್ರಿ ಮಾಡಿ ಬದುಕಿದ್ದವರ ದನಿ ತೆಗೆದು ಚಪ್ಪಾಳೆ ಗಿಟ್ಟಿಸಿದ್ದು ಸಾಲದೆ ಸತ್ತವರ ದನಿಗೂ ಬಾಯಿ ಹಾಕಿದೆ. ಅದೂ ಶರಣಪ್ಪ ಕಾಕಾನ ಎದುರಿಗೆ, ಭಯವನ್ನು ಕೈಯಾರೆ ತಯಾರಿಸುತ್ತಿದ್ದ ಮನುಷ್ಯನ ಎದುರಿಗೆ.

ಕಾಕಾ ಯಾರ ಮನೆಗೆ ಹೋದರೂ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿಯೇ ಒಳಗೆ ಬರುತ್ತಿದ್ದರು. ಕಣ್ಣು ಮುಚ್ಚಿ, ಕೂದಲು ಬೆಳೆದ ಆ ದೊಡ್ಡ ಕಿವಿಯನ್ನು ತಿರುಗಣಿಯ ಹತ್ತಿರ ಒಯ್ದು ಕೇಳುವರು. "ಒಳಗ ಬರ್ತೀಯೋ, ಬಾಗಲಾ ಮುರದ ಹೋಗ್ತೀಯೋ ಶರಣಪ್ಪಾ?" ಎಂದು ಅವರ ಅತ್ತಿಗೆಯಾದ ನಮ್ಮವ್ವ ರೇಗಿದರೆ, "ವೈನಿ, ಇದಕ್ಕ ಎಣ್ಣಿ ಹಾಕಬ್ಯಾಡ್ರಿ. ಭಾಳ ಚಂದ ಅಳತೈತಿ" ಎನ್ನುವರು. ಮರುದಿನ ಮೈಕು ಹಿಡಿದು ಬಂದು ನಮ್ಮ ಬಾಗಿಲಿನ ಅಳುವನ್ನು ಒಯ್ದರು. ಅದು ಮುಂದೆ ಯಾವುದೋ ತೆಲುಗು ಸಿನಿಮಾದಲ್ಲಿ ಪಾಳು ಬಂಗಲೆಯ ಬಾಗಿಲಾಯಿತು. ನಮ್ಮ ಮನೆಯಲ್ಲಿ ಸಿನಿಮಾ ಸೇರಿದವರಲ್ಲಿ ಮೊದಲನೆಯದು ಬಾಗಿಲು, ನಾನು ಆಮೇಲೆ.

ದೆವ್ವದ ಸಿನಿಮಾಗಳಿಗೆ ಸದ್ದು ಕೂಡಿಸುವುದು ಅವರ ಕೆಲಸ. ಅದರಲ್ಲೂ ಸಿನಿಮಾದ ಆರಂಭ ಮಾತ್ರ. "ಮುಂದಿಂದು ಯಾರರೆ ಮಾಡ್ಲಿ. ಮಂದಿ ಕೈಯಾಗಿನ ಪಾಪ್‌ಕಾರ್ನ್ ಬಾಯಿಗೆ ಒಯ್ಯೋದು ಮರೀಬೇಕು. ಅಲ್ಲೀತನ ನಂದು" ಎನ್ನುವರು. ಬೇಗಂಪೇಟೆಯಲ್ಲಿ ಅವರು ಕೂರುತ್ತಿದ್ದ ಸ್ಟುಡಿಯೊಗೆ ನಾನು ಕಾರ್ಟೂನಿನ ಬಾತುಕೋಳಿ, ಟೂತ್‌ಪೇಸ್ಟ್ ಜಾಹೀರಾತಿನ ಅಜ್ಜ, ಹೀಗೆ ಸಿಕ್ಕ ಪ್ರಾಣಿಗೆಲ್ಲ ದನಿ ಕೊಡಲು ಹೋಗುತ್ತಿದ್ದೆ. ನನಗವರು ಇಟ್ಟ ಹೆಸರು ಪೋಪಟ್, ಅಂದರೆ ಗಿಳಿ. ಜಂಬ ಅವರಿಗೂ ಕಡಿಮೆ ಇರಲಿಲ್ಲ. ತಮ್ಮ ಕೆಲಸವನ್ನು ತಾವೇ ಹೊಗಳಿಕೊಂಡು, ನಾನು ಹೊಗಳಲು ತಡಮಾಡಿದರೆ ಮುನಿಸಿಕೊಳ್ಳುವರು.

ಒಮ್ಮೆ ಮಾದಾಪುರದ ಕಡೆಯ ಹೊಸ ನಿರ್ದೇಶಕನೊಬ್ಬ ಬಂದ. ಆರಂಭಕ್ಕೆ ಗುಡುಗು, ಗೂಬೆ, ನಾಯಿಯ ಊಳು, ಪಿಟೀಲು ಎಲ್ಲ ಬೇಕೆಂದ. ಕಾಕಾ ತೆಲುಗಿನಲ್ಲಿ ವಿನಯವಾಗಿ, ನಿಮ್ಮ ಫ್ಲ್ಯಾಟಿನಲ್ಲಿ ಗೂಬೆ ಇದೆಯೇ ಎಂದು ಕೇಳಿದರು. ಇಲ್ಲ ಎಂದ. ಫ್ರಿಜ್ ಇದೆಯೇ? ಇದೆ ಎಂದ. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಹಂಗಾರ ಇವಗ ಫ್ರಿಜ್ಜಿನಿಂದನ ಹೆದರಸೂಣು" ಎಂದರು.

ಹಾಗೆ ತಯಾರಾದ ಆರಂಭದ ದೃಶ್ಯ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಂಚದ ಕೆಳಗೆ ಚಪ್ಪಲಿ ಹುಡುಕುವವನ ಹಾಗೆ ಕ್ಯಾಮೆರಾ ನೆಲಕ್ಕೆ ಕೂತಿದೆ. ಅಲುಗಾಡುವುದಿಲ್ಲ. ಎದುರಿಗೆ ತೆರೆದ ಬಾಗಿಲು, ಯಾರೂ ಇಲ್ಲ. ರಂಗೋಲಿ ಮಾತ್ರ ಹೊಸ್ತಿಲ ಹೊರಗಿರದೆ ಒಳಗಿದೆ. ಅದನ್ನು ಹಾಗೆ ಹಾಕಿಸಿದ್ದೂ ಕಾಕಾನೇ. ಹಿಂದೆ ಫ್ರಿಜ್ಜಿನ ಗುಂಯ್ಗುಟ್ಟುವಿಕೆ. ಇದೆ ಎಂದೇ ಗೊತ್ತಾಗದಷ್ಟು ಸಣ್ಣದು. ನೋಡುತ್ತ ಕೂತಿದ್ದಂತೆ ಅದು ಥಟ್ಟನೆ ನಿಂತಿತು. ಪರದೆಯ ಮೇಲೆ ಏನೂ ಆಗಲಿಲ್ಲ. ನಿರ್ದೇಶಕ ಮಾತ್ರ ಕಾಲನ್ನು ಕುರ್ಚಿಯ ಮೇಲಕ್ಕೆ ಎತ್ತಿಕೊಂಡ.

"ಹೆದರಿಕಿ ಸಪ್ಪಳದಾಗ ಇರಂಗಿಲ್ಲೋ ಪೋಪಟ್" ಎಂದರು ಕಾಕಾ. "ನಡದಿದ್ದ ಸಪ್ಪಳ ನಿಲ್ತೈತಲ್ಲ, ಆಗ ಕಿವಿ ಹುಡುಕ್ಯಾಡಾಕ ಹೊಂಡತೈತಿ. ಕಿವಿ ಹೊಂಡ್ತು ಅಂದ್ರ ಮನಿಶಾ ಹ್ವಾದಾ ಅಂತ ತಿಳಿ."

ಹೆಚ್ಚಿನ ಸದ್ದುಗಳನ್ನು ಅವರು ಹಿಡಿಯುತ್ತಿದ್ದದ್ದು ಸುಲ್ತಾನ್ ಬಜಾರಿನ ಓಣಿಯಲ್ಲಿದ್ದ ತಮ್ಮ ಮನೆಯಲ್ಲಿ. ಸದ್ದು ಹಿಡಿಯುವಾಗ ಹಚ್ಚಲೆಂದು ಅಡುಗೆಮನೆಯ ಬಾಗಿಲ ಮೇಲೆ ಒಂದು ಕೆಂಪು ದೀಪ ಹಾಕಿಸಿದ್ದರು. ಅದು ಹತ್ತಿತೆಂದರೆ ಅವರ ಹೆಂಡತಿ ನೀಲಮ್ಮ ಕಾಕು ಕುಕ್ಕರ್ ಇಳಿಸಿ, ನಳ ನಿಲ್ಲಿಸಿ, ಒಂದು ಕೈಯ ಬಳೆಗಳನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದು ಕಂಬದಂತೆ ನಿಲ್ಲಬೇಕು. ದೀಪ ಆರಿದ ಕೂಡಲೇ ಕಾಕುವಿನ ದನಿ ಎದುರಿನ ದರ್ಜಿಯ ಅಂಗಡಿತನಕ ಕೇಳುತ್ತಿತ್ತು: "ರೀ, ಚಾ ಆರಾಕತ್ತೈತಿ. ದೆವ್ವಕ್ಕ ಆಮ್ಯಾಲ ಕರೀರಿ." ನಾನು ಅದನ್ನು ಅವರೆದುರಿಗೇ ಅನುಕರಿಸಿ ತೋರಿಸುತ್ತಿದ್ದೆ. "ಏ ಹಲ್ಕಾ, ನನ್ನ ದನಿ ನನಗ ಮಾರ್ತಿಯೇನು?" ಎಂದು ಕಾಕು ಸೆರಗು ಬಾಯಿಗಿಟ್ಟು ನಗುವರು.

ಜ್ವರವೆಂದು ಆಸ್ಪತ್ರೆಗೆ ಹೋದ ಕಾಕು ತಿರುಗಿ ಬರಲಿಲ್ಲ.

ಕಾಕಾ ಕೆಲಸ ಬಿಟ್ಟು ಮನೆಯಲ್ಲೇ ಕೂತರು. ಒಂದೇ ಹಟ, ಕಾಕುವಿನ ದನಿ ಇನ್ನೊಮ್ಮೆ ಕೇಳಬೇಕು. ತಾವು ವರ್ಷಗಟ್ಟಲೆ ಹಿಡಿದ ಸದ್ದುಗಳಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ ಎಂದು ನನ್ನನ್ನೂ ಕೂರಿಸಿಕೊಂಡು ಹುಡುಕಿದರು. ಇಲಿ ಕೆರೆಯುವುದು, ತಗಡಿನ ಮೇಲೆ ಗಾಳಿ, ಕೊಳವೆಯಲ್ಲಿ ನೀರು. ಪ್ರತಿಯೊಂದರ ಮೊದಲಿಗೂ ಕಾಕಾನದೇ ಒಂದು ಗದರಿಕೆ: "ಶ್, ಸುಮ್ನಿರು." ಆಮೇಲೆ ಕಾಕು ಸುಮ್ಮನಿರುವುದು ಕೇಳಿಸುತ್ತಿತ್ತು. ಸಂಬಂಧಿಕರ ಮದುವೆಯ ಒಂದು ಮೊಬೈಲ್ ವಿಡಿಯೊ ಸಿಕ್ಕಿತು. ಅದರಲ್ಲಿ ಬ್ಯಾಂಡಿನವರ ಅಬ್ಬರ. ಕಾಕುವಿನ ತುಟಿ ಮಾತ್ರ ಆಡುತ್ತಿತ್ತು.

"ಊರಾಗಿನ ಬಾಗ್ಲದ್ದೆಲ್ಲಾ ದನಿ ಹಿಡದೀನಿ. ಅಕೀದು ಒಂದು ಮಾತಿಲ್ಲ" ಎಂದರು. "ಅಕಿ ಬಾಯಿ ತಗದ್ಲು ಅಂದ್ರ ನಾನ ಮೈಕ್ ಬಂದ್ ಮಾಡಿಬಿಡ್ತಿದ್ದೆ."

ಕಾಕಾ ಈಗ ಇಲ್ಲ. ಕಾಕು ಹೋದಮೇಲೆ, ತಾವು ಹೋಗುವ ಮೊದಲು, ಒಂದೇ ಒಂದು ಸಿನಿಮಾದ ಆರಂಭ ಮಾಡಿಕೊಟ್ಟರು. ಅದರಲ್ಲಿ ಖಾಲಿ ಅಡುಗೆಮನೆ, ಒಂದು ಸದ್ದೂ ಇಲ್ಲ. ಥಿಯೇಟರಿನಲ್ಲಿ ನನ್ನ ಪಕ್ಕದವನು, "ಇಷ್ಟು ಹೆದರಿಕೆ ಯಾಕಾಗ್ತಿದೆ?" ಎಂದು ಹಿಂದಿಯಲ್ಲಿ ಗೊಣಗಿದ. ಅಲ್ಲಿ ಒಬ್ಬಾಕೆ ಬಳೆ ಒತ್ತಿ ಹಿಡಿದು ನಿಂತಿದ್ದಾಳೆಂದು ಅವನಿಗೆ ಹೇಗೆ ಹೇಳಲಿ?

ಆದರೆ ನನ್ನ ಪೆದ್ದತನದ ಮಾತು ಉಳಿದಿದೆ. ಅದು ಹುಡುಕಾಟ ಮುಗಿದ ಆ ಮಧ್ಯಾಹ್ನವೇ ನಡೆದದ್ದು. "ಕಾಕಾ, ನಾ ಅದೀನಲ್ಲ. ಕಾಕುಂದು ನಾ ತಗೀತೀನಿ" ಎಂದೆ. ಕರುಣೆಯೂ ಇತ್ತು, ಸುಳ್ಳೇಕೆ, ಒಣ ಜಂಬವೂ ಇತ್ತು. ಅವರು ಎದ್ದು ಫ್ರಿಜ್ ಬಂದ್ ಮಾಡಿ, ಮೈಕು ಸ್ಟ್ಯಾಂಡಿಗೆ ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು, ದೀಪ ಹಚ್ಚಿ ರೆಕಾರ್ಡಿಂಗ್ ಗುಂಡಿ ಒತ್ತಿದರು. "ಅತ್ಲಾಗ ತಿರುಗಿ ನಿಲ್ಲು. ನಿನ್ನ ಮಾರಿ ಕಾಣಬಾರದು."

ಗೋಡೆಗೆ ಮುಖ ಮಾಡಿ ಕರೆದೆ: "ರೀ, ಚಾ ಆರಾಕತ್ತೈತಿ."

ಜನ್ಮದಲ್ಲಿ ಅಷ್ಟು ಚೆನ್ನಾಗಿ ಯಾರ ದನಿಯನ್ನೂ ತೆಗೆದಿರಲಿಲ್ಲ. ಹಿಂದೆ ಕುರ್ಚಿ ಸರಿದ ಸದ್ದು ಕೇಳಿ ತಿರುಗಿದೆ. ಕಾಕಾ ಅರ್ಧ ಎದ್ದು ನಿಂತಿದ್ದರು. ನೋಡುತ್ತಿದ್ದದ್ದು ನನ್ನನ್ನಲ್ಲ, ಅಡುಗೆಮನೆಯ ಬಾಗಿಲನ್ನು. ಅಲ್ಲಿ ಯಾರೂ ಇರಲಿಲ್ಲ. ನಿಧಾನಕ್ಕೆ ಕೂತು, ಹೆಡ್‌ಫೋನ್ ತೆಗೆದು, ನಾನು ಕರೆದದ್ದನ್ನು ನನ್ನ ಕಣ್ಣೆದುರೇ ಅಳಿಸಿದರು.

"ಯಾಕ್ ಕಾಕಾ, ಸರಿ ಬರ್ಲಿಲ್ಲೇನು? ಇನ್ನೊಮ್ಮೆ ಮಾಡ್ಲಿ?" ಎಂದೆ.

ಕಾಕಾ ಬಾಗಿಲ ಮೇಲೆ ಇನ್ನೂ ಉರಿಯುತ್ತಿದ್ದ ಕೆಂಪು ದೀಪದ ಕಡೆ ಬೆರಳು ತೋರಿಸಿದರು.

"ದನಿ ಅಕೀದ ಐತೋ ಪೋಪಟ್. ಆದ್ರ ದೀಪ ಹತ್ತಿದಾಗ ಅಕಿ ಮಾತಾಡಂಗಿಲ್ಲ."