ಬರ್ತೀನಿ ಅನ್ನಬಾರದ ಜಾಗ

ಎಲ್ಲಿಂದ ಹೊರಟರೂ ‘ಹೋಗ್ತೀನಿ’ ಅನ್ನುವ ಹಾಗಿಲ್ಲ, ‘ಬರ್ತೀನಿ’ ಅನ್ನಬೇಕು. ಪಕ್ಕದ ಮನೆಗೆ ಹೊರಟಾಗ ‘ಹೋಗ್ತೀನಿ’ ಅಂದರೂ ಅಮ್ಮ ಕಣ್ಣು ಕೆಂಪಗೆ ಮಾಡುತ್ತಿದ್ದಳು. ಇಷ್ಟು ಶಿಸ್ತಾಗಿ ಬೆಳೆಸಿದವಳು ಅವಳೇ. ಆದ್ದರಿಂದ ತುಮಕೂರಿನ ಆಸ್ಪತ್ರೆಯಲ್ಲಿ ನಡೆದದ್ದಕ್ಕೆ ಅವಳೇ ಹೊಣೆ ಎಂದು ನಾನು ಇವತ್ತಿಗೂ ವಾದಿಸುತ್ತೇನೆ.

ಎಪ್ಪತ್ತರ ದಶಕದ ಕೊನೆ, ನನ್ನ ಮೊದಲ ಹೆರಿಗೆ. ಐದನೇ ದಿನ ಡಿಸ್ಚಾರ್ಜ್ ಆಗಿ, ಮಗಳನ್ನು ಎತ್ತಿಕೊಂಡು ಬಾಣಂತನಕ್ಕೆ ಕಡಬದ ತವರಿಗೆ ಹೊರಟೆ. ವಾರ್ಡಿನ ಹಿರಿಯ ನರ್ಸಮ್ಮನಿಗೆ ಅಭ್ಯಾಸಬಲದಿಂದ “ಬರ್ತೀನಿ ಸಿಸ್ಟರ್” ಅಂದೆ. ಅಮ್ಮ ನಾಲಿಗೆ ಕಚ್ಚಿಕೊಂಡಿದ್ದನ್ನು ನಾನು ನೋಡಲಿಲ್ಲ. ಮನೆಗೆ ಬಂದ ಮೂರನೇ ದಿನ ಮಗುವಿನ ಕಣ್ಣು, ಮೈ ಎಲ್ಲ ಅರಿಶಿನ ಹಚ್ಚಿದ ಹಾಗೆ ಕಂಡಿತು. ಹಾಲೂ ಕುಡಿಯುತ್ತಿಲ್ಲ. ಗುಬ್ಬಿ ಮಾರ್ಗವಾಗಿ ಮತ್ತೆ ತುಮಕೂರಿಗೆ ಓಡಿದೆವು. ಅದೇ ವಾರ್ಡು, ಅದೇ ಮಂಚ. ಕಾಮಾಲೆ, ಎಳೆಮಕ್ಕಳಿಗೆ ಬರುತ್ತದೆ, ಇಟ್ಟುಕೊಂಡು ನೋಡೋಣ ಎಂದರು ಡಾಕ್ಟರು. ಅಮ್ಮನಿಗೆ ಕಾರಣ ಆಗಲೇ ಸಿಕ್ಕಿಬಿಟ್ಟಿತ್ತು.

“ಆಸ್ಪತ್ರೇಲಿ ಬರ್ತೀನಿ ಅಂತಾರೇನೇ? ವಾಪಸ್ ಕರ್ಕೊಂಡು ಬಂತು ನೋಡು ನಿನ್ನ ಬಾಯಿ!”

ನನಗೆ ಮೈಯೆಲ್ಲ ಉರಿಯಿತು. ಮಾತಿಗೂ ಕಾಮಾಲೆಗೂ ಏನು ಸಂಬಂಧ ಎಂದು ಜಗಳಕ್ಕೇ ನಿಂತೆ. ಆದರೆ ಅಮ್ಮ ಅತ್ತ ತಿರುಗಿದ ಕೂಡಲೇ ಮಗುವಿನ ರೆಪ್ಪೆ ಬಿಡಿಸಿ ನೋಡುತ್ತಾ, ಆ ಮಾತನ್ನು ಹೇಗಾದರೂ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿದ್ದರೆ ಎಂದು ಒದ್ದಾಡಿದೆ. ಹೆದರಿಕೆ ಅಂದರೇನು ಅಂತ ಆ ವಾರ ಗೊತ್ತಾಯಿತು.

ವಾರದ ಕೊನೆಗೆ ಹಳದಿ ಇಳಿಯಿತು. ಮಗಳು ಚಪ್ಪರಿಸಿ ಹಾಲು ಕುಡಿಯತೊಡಗಿದಳು. “ಮನೆಗೆ ಹೊರಡಿ. ಮತ್ತೆ ಹಳದಿ ಕಂಡರೆ ತಕ್ಷಣ ಬನ್ನಿ,” ಎಂದರು ಡಾಕ್ಟರು. ಆ ‘ಬನ್ನಿ’ ಅಮ್ಮನಿಗೆ ಹಿಡಿಸಲಿಲ್ಲ. ನನಗೋ ಎದ್ದು ಕುಣಿಯಬೇಕು ಅನ್ನಿಸಿತು. ಬಾಣಂತಿ ಕುಣಿಯುವ ಹಾಗಿಲ್ಲವಲ್ಲ! ಅಮ್ಮ ನನ್ನ ತಲೆಗೆ ಬಟ್ಟೆ ಬಿಗಿದಳು, ಕಿವಿಗೆ ಹತ್ತಿ ತುರುಕಿದಳು, ಫ್ಲಾಸ್ಕು, ಮಗುವಿಗೆ ಸುತ್ತುವ ಹಳೇ ಪಂಚೆ ತುಂಡು ಎಲ್ಲವನ್ನೂ ಹಸಿರು ವೈರ್ ಬುಟ್ಟಿಗೆ ತುಂಬಿದಳು. ಜೊತೆಗೆ ಪಾಠ, ಹತ್ತಿ ತುರುಕಿದ ಕಿವಿಗೂ ಕೇಳುವಷ್ಟು ಜೋರಾಗಿ: “ಹೋಗ್ತೀನಿ ಅನ್ನು. ಇಲ್ದಿದ್ರೆ ಬಾಯಿ ಮುಚ್ಕೊಂಡು ನಡಿ.”

ಬಾಗಿಲಲ್ಲಿ ನರ್ಸಮ್ಮ ನಿಂತಿದ್ದರು. “ಹೋಗ್ತೀನಿ ಸಿಸ್ಟರ್,” ಎಂದೆ, ಒಂದೊಂದೇ ಅಕ್ಷರ ಬಿಡಿಸಿ. ಅವರಿಗೂ ಅರ್ಥವಾಯಿತು. “ಹೋಗಮ್ಮ, ಮತ್ತೆ ಈ ಕಡೆ ತಲೆ ಹಾಕ್ಬೇಡ,” ಎಂದು ನಕ್ಕರು. ಅಮ್ಮನ ಮುಖ ಅರಳಿತು. ಗೆದ್ದೆವು ಅಂದುಕೊಂಡು ನಾನು ಟ್ಯಾಕ್ಸಿಯತ್ತ ಹೆಜ್ಜೆ ಹಾಕಿದೆ. ನನ್ನ ಗಂಡ ಕುಣಿಗಲ್ಲಿನಲ್ಲಿ ಮೇಷ್ಟ್ರು, ವಿನಯದ ಮೂಟೆ. ಹಿಂದೆ ಬರುತ್ತಿದ್ದವರು ನಿಂತು, ಎರಡೂ ಕೈ ಜೋಡಿಸಿ, ಕೊನೇ ಬೆಂಚಿಗೂ ಮುಟ್ಟುವ ದನಿಯಲ್ಲಿ ಹೇಳಿಯೇಬಿಟ್ಟರು: “ತುಂಬಾ ಉಪಕಾರ ಆಯ್ತು. ಹೋಗಿ ಬರ್ತೀವಿ ಸಿಸ್ಟರ್!”

‘ಬರ್ತೀನಿ’ ಕೂಡ ಅಲ್ಲ, ‘ಬರ್ತೀವಿ’. ಎಲ್ಲರನ್ನೂ ಸೇರಿಸಿಕೊಂಡು! ಅಮ್ಮ ನಿಂತಲ್ಲೇ ನಿಂತಳು. ಅಳಿಯನನ್ನು ಬೈಯುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಕೊನೆಗೆ ನರ್ಸಮ್ಮನೇ ಕಾಪಾಡಿದರು. “ಬನ್ನಿ ಸಾರ್, ನೀವೊಬ್ರೇ ಬನ್ನಿ, ಸ್ವೀಟ್ ತಗೊಂಡು. ತಾಯಿ ಮಗು ಮನೇಲೇ ಇರ್ಲಿ.”

ಗುಬ್ಬಿ ದಾಟುವವರೆಗೂ ನನಗೆ ನಗು ತಡೆಯಲಾಗಲಿಲ್ಲ. ಕಡಬದ ಕೆರೆ ಕಂಡ ಕೂಡಲೇ, ಹದಿನೈದು ದಿನದ ಕೂಸಿಗೆ “ನೋಡೇ, ನಿಮ್ಮಜ್ಜಿ ಊರು” ಎಂದು ತೋರಿಸಿದೆ. ಎಂಥ ಸಂತೋಷ ಅದು! ಅಮ್ಮ ಮಾತ್ರ ನಗಲಿಲ್ಲ. ಮನೆಗೆ ಬಂದು ಆರತಿ ಎತ್ತಿದ ಮೇಲೆ, ವೈರ್ ಬುಟ್ಟಿಯನ್ನು ಖಾಲಿ ಮಾಡದೆ ಹಾಗೇ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು.

ಬಿಸಿನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ, ಮೆಣಸಿನ ಸಾರು ಎಂದು ಬಾಣಂತನ ಸಾಗಿತು. ದಿನವೂ ಬೆಳಗ್ಗೆ ಅಮ್ಮ ಮಗುವನ್ನು ಅಂಗಳದ ಬೆಳಕಿಗೆ ಹಿಡಿದು ಕಣ್ಣು ನೋಡುತ್ತಿದ್ದಳು. ಬುಟ್ಟಿ ಯಾಕೆ ಅಲ್ಲಿದೆ ಅಂದರೆ “ಇರ್ಲಿ ಬುಡು” ಅನ್ನುತ್ತಿದ್ದಳು. ಮನೆಗೆ ಬಂದು ತಿಂಗಳು ತುಂಬಿದ ಮೇಲೆ, ಮಗಳನ್ನು ನೋಡಲು ಬಂದಿದ್ದ ನನ್ನವರಿಗೆ ಕೇಳುವ ಹಾಗೆ ನನಗೆ ಹೇಳಿದಳು: “ಬರ್ತೀವಿ ಅಂದವ್ರೆ. ಅವ್ರೊಬ್ರು ಹೋಗಿ ಬಂದ್ರೆ ಆ ಮಾತು ಅಲ್ಲಿಗೆ ಮುಗೀತದೆ.”

ಮೇಷ್ಟ್ರು ಮಾರನೇ ದಿನವೇ ಮೈಸೂರುಪಾಕಿನ ಪೊಟ್ಟಣ ಹಿಡಿದು ಬಸ್ಸು ಹತ್ತಿದರು. ಮಧ್ಯಾಹ್ನ ತಿರುಗಿ ಬಂದವರಿಗೆ ನೀರು ಕೊಡುವ ಮೊದಲೇ ಅಮ್ಮ ಕೇಳಿದಳು, “ಹೊರಡುವಾಗ ಏನಂದ್ರಿ?”

“ಹೋಗ್ತೀನಿ ಅಂದೆ ಅತ್ತೆ. ಎರಡು ಸಲ ಅಂದೆ.”

ಅಮ್ಮ ಸೀದಾ ಹೋಗಿ ಬುಟ್ಟಿ ಇಳಿಸಿದಳು. ಫ್ಲಾಸ್ಕು ತೆಗೆದಳು. ಪಂಚೆ ತುಂಡುಗಳನ್ನು ತೆಗೆದಳು. ಎಲ್ಲವೂ ಆಗತಾನೇ ಒಗೆದು ಮಡಿಸಿದ್ದವು. ಒಂದು ತಿಂಗಳಿಂದ, ಯಾವ ಕ್ಷಣವಾದರೂ ತುಮಕೂರಿಗೆ ಓಡಬೇಕಾದೀತು ಎಂದು ಒಗೆದು, ಒಣಗಿಸಿ, ಮತ್ತೆ ತುಂಬಿಡುತ್ತಿದ್ದಳು. ನನಗಿಂತ ಹೆಚ್ಚು ಹೆದರಿದ್ದವಳು ಅವಳೇ.

ಖಾಲಿ ಬುಟ್ಟಿಯನ್ನು ತೋಳಿಗೆ ಸಿಕ್ಕಿಸಿಕೊಂಡು ಅಮ್ಮ ಚಪ್ಪಲಿ ಮೆಟ್ಟಿದಳು.

“ಸೊಪ್ಪು ತರ್ಬೇಕು. ಅಂಗಡಿಗೆ ಹೋಗಿ ಬರ್ತೀನಿ ಕಣೇ,” ಎಂದಳು.

“ಹೋಗಿ ಬಾಮ್ಮ,” ಎಂದೆ.